ಮುಯ್ಯಾಳು ಸುನಂದಾ

ಸುನಂದಾಳಿಗೆ ಕಣ್ಣು ತೆರೆದುಕೊಂಡೇ ಕನಸು ಕಾಣುವ ಚಾಳಿ. ಸ್ಕೂಟಿ ಓಡಿಸುವಾಗಲೂ ಕಾಣುತ್ತಾಳೆ, ಒಲೆಯ ಮೇಲೆ ಹಾಲಿಟ್ಟುಕೊಂಡೂ ಕಾಣುತ್ತಾಳೆ. ಉಕ್ಕಿಹೋದ ಹಾಲಿಗೆ ಲೆಕ್ಕವಿಲ್ಲ. ಶೆಟ್ಟಿಕೆರೆಯಿಂದ ಅವಳ ಹಳ್ಳಿಗೆ ಬರುವ ದಾರಿಯ ಎರಡೂ ಕಡೆ ತೆಂಗಿನ ತೋಟ. ಬೆಳಗಿನ ಬಿಸಿಲು ಗರಿಗಳ ಸಂದಿಯಿಂದ ಇಳಿದು ದಾರಿಯ ಮೇಲೆ ಅಲ್ಲಾಡುವಾಗ, ಮರಗಳೆಲ್ಲ ಸಭೆಗೆ ಬಂದು ನಿಂತ ಜನರ ಹಾಗೆ ಕಾಣುತ್ತವೆ ಅವಳಿಗೆ. ಮರಗಳಿಗೂ ಓಟಿದ್ದಿದ್ದರೆ ಅವಳ ಪಕ್ಷಕ್ಕೆ ಈ ಗತಿ ಬರುತ್ತಿರಲಿಲ್ಲ.

ಎಂಥ ಗತಿ ಅಂತೀರಾ? ಹೋದ ಚುನಾವಣೆಯಲ್ಲಿ ಅವಳ ಊರಿನ ಬೂತಿನೊಳಗೆ ಏಜೆಂಟಾಗಿ ಕೂರುವುದಕ್ಕೆ ಪಕ್ಷದ ಕಡೆಯಿಂದ ಒಬ್ಬನೂ ಸಿಗಲಿಲ್ಲ. ಹೊರಗೆ ಬೇವಿನ ಮರದಡಿ ಮೇಜು ಹಾಕಿಕೊಂಡು ಸುನಂದಾ ಒಬ್ಬಳೇ ಸಂಜೆವರೆಗೂ ಕೂತಿದ್ದಳು. ಎದುರು ಪಕ್ಷದವರೇ ಅಯ್ಯೋ ಪಾಪ ಅಂತ ಅವಳಿಗೂ ಒಂದು ಚಿತ್ರಾನ್ನದ ಪೊಟ್ಟಣ ಕಳಿಸಿದರು. ಹಸಿವಾಗಿತ್ತು, ತಿಂದಳು. ಆ ಚಿತ್ರಾನ್ನ ಇವತ್ತಿಗೂ ಅರಗಿಲ್ಲ.

ಅವಳ ಅಪ್ಪ ಹಾಲಸ್ವಾಮಿ ಬದುಕಿದ್ದಾಗ ಹೀಗಿರಲಿಲ್ಲ. ಈ ಸುತ್ತಿನಲ್ಲಿ ಪಕ್ಷ ಅಂದರೆ ಹಾಲಸ್ವಾಮಿ, ಹಾಲಸ್ವಾಮಿ ಅಂದರೆ ಪಕ್ಷ. ಅವರ ಜಗಲಿಯ ತುಂಬ ಸದಾ ಜನ. ಪುಟ್ಟ ಸುನಂದಾ ಆ ಮಾತಿನ ಗುಂಯ್ ಎನ್ನುವ ಸದ್ದಿನಲ್ಲೇ ನಿದ್ದೆಹೋಗುತ್ತಿದ್ದಳು. ಅವರು ತೀರಿಕೊಂಡ ಮೇಲೆ ನಾಯಕರು ಬ್ಯಾನರಿನ ಮೂಲೆಯಲ್ಲಿ ಅವರ ಫೋಟೋ ಹಾಕಿದರು, ಓಟು ಕೇಳಿದರು, ಗೆದ್ದರು, ಸೋತರು, ಕಾರಿನ ಗಾಜು ಏರಿಸಿಕೊಂಡು ಹೋದರು. ಜಗಲಿ ಖಾಲಿಯಾಯಿತು.

ಈಗ ಪಕ್ಷಕ್ಕೆ ಬುದ್ಧಿ ಬಂದಿದೆ. ಬುಡದಿಂದ ಕಟ್ಟಬೇಕು, ಒಂದೊಂದು ಬೂತಿಗೂ ಒಂದೊಂದು ಸಮಿತಿ ಆಗಬೇಕು ಅಂತ ಮೇಲಿನಿಂದ ಅಪ್ಪಣೆಯಾಗಿದೆ. ಬುಡದಿಂದ ಕಟ್ಟುವುದಕ್ಕೂ ಮೇಲಿನಿಂದಲೇ ಅಪ್ಪಣೆ ಬರಬೇಕು, ನಮ್ಮ ಪುಣ್ಯ. ಹೋಬಳಿ ಅಧ್ಯಕ್ಷಗಿರಿಯನ್ನು ಎಲ್ಲರೂ ಬೇಡ ಅಂದರು, ಸುನಂದಾಳ ಕೊರಳಿಗೆ ಬಿತ್ತು. ಜಿಲ್ಲೆಯಿಂದ ಬಂದ ವೀಕ್ಷಕ ಯೋಗೀಶ್ ನೇರವಾಗಿಯೇ ಹೇಳಿಬಿಟ್ಟ: "ಮುಂದಿನ ತಿಂಗಳು ಬರ್ತೀನಿ ಮೇಡಂ. ನಿಮ್ಮ ಸ್ವಂತ ಊರಲ್ಲೇ ಸಮಿತಿ ಆಗಿಲ್ಲ ಅಂದ್ರೆ ಹೋಬಳೀನ ಆ ಕಂಟ್ರಾಕ್ಟರಿಗೆ ಕೊಟ್ಬಿಡ್ತೀವಿ." ಆ ಕಂಟ್ರಾಕ್ಟರು ಚಿಕ್ಕನಾಯಕನಹಳ್ಳಿಯವನು. ಜನರನ್ನು ಬಾಡಿಗೆ ಟೆಂಪೋದಲ್ಲಿ ತುಂಬಿಕೊಂಡು ಬಂದು, ಸಭೆ ಮುಗಿದ ಮೇಲೆ ಹಾಗೇ ಇಳಿಸಿಬರುವವನು. ಅಪ್ಪನ ಪಕ್ಷ ಬಾಡಿಗೆ ಟೆಂಪೋ ಹತ್ತುವುದನ್ನು ಸುನಂದಾಳಿಗೆ ನೆನೆಯಲೂ ಆಗಲಿಲ್ಲ.

ಮನೆ ಮನೆ ತಿರುಗಿದಳು. ಅದು ಕಾಯಿ ಸುಲಿಯುವ ಕಾಲ. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಸದ್ದು ಮಾಡುವ ಹೊತ್ತಿಗೆ ಕೆಳಗಿಳಿಯುತ್ತದೆ. ಮಟ್ಟೆ ಸುಲಿದು, ಮಚ್ಚಿನಿಂದ ಚಿಪ್ಪು ಒಡೆದು, ಉಂಡೆ ಕೊಬ್ಬರಿ ಮುಕ್ಕಾಗದ ಹಾಗೆ ತೆಗೆಯಬೇಕು. ಬೇರೆ ಊರುಗಳಲ್ಲಿ ಈಗ ಕೂಲಿ ಗುಂಪುಗಳು ಬಂದು ಸುಲಿದುಹೋಗುತ್ತವೆ. ಈ ಊರಲ್ಲಿ ಮಾತ್ರ ಮುಯ್ಯಾಳು ಪದ್ಧತಿ ಇನ್ನೂ ಸತ್ತಿಲ್ಲ. ಇವತ್ತು ನಿಮ್ಮ ಅಂಗಳಕ್ಕೆ ನಾನು, ನಾಳೆ ನನ್ನ ಅಂಗಳಕ್ಕೆ ನೀವು; ಕೂಲಿಯಿಲ್ಲ, ಊಟ ಉಂಟು. ಹಾಗಾಗಿ ಸುನಂದಾ ಹೋದಲ್ಲೆಲ್ಲ ಜನ ಗುಂಪಾಗಿಯೇ ಸಿಕ್ಕರು, ಆದರೆ ಯಾರೂ ತಲೆ ಎತ್ತಲಿಲ್ಲ. ಪಕ್ಷ ಕಟ್ಟಬೇಕು ಅಂದರೆ "ಕಟ್ಟವ್ವ, ಕಟ್ಟು" ಅನ್ನುತ್ತ ಮಚ್ಚು ಬೀಸುತ್ತಿದ್ದರು.

ಅಪ್ಪನಿಂದ ಬಂದ ಅವಳ ಮನೆಯ ಅಟ್ಟದಲ್ಲೂ ಕಾಯಿ ಒಣಗಿ ಕಾಯುತ್ತಿತ್ತು. ಗಂಡ ಮಹಾಂತೇಶನದು ಶೆಟ್ಟಿಕೆರೆಯಲ್ಲಿ ಔಷಧಿ ಅಂಗಡಿ. ದಿನಾ ಅಂಗಡಿಗೆ ಹೊರಡುವಾಗ ಛೇಡಿಸುತ್ತಿದ್ದ: "ಅಟ್ಟಕ್ಕೆ ಹಾರಲಾರದೋಳು ಬೆಟ್ಟಕ್ಕೆ ಹಾರಿದ್ಲಂತೆ. ಮೊದ್ಲು ನಮ್ಮ ಕಾಯಿಗೊಂದು ಗತಿ ಕಾಣ್ಸು ಕಣೇ."

ಒಂದು ಮಧ್ಯಾಹ್ನ ಕಲ್ಲಮ್ಮನ ಅಂಗಳದಲ್ಲಿ ನಿಂತು ಸುನಂದಾ ಪಕ್ಷದ ಸಿದ್ಧಾಂತ ವಿವರಿಸುತ್ತಿದ್ದಳು. ಕಲ್ಲಮ್ಮ ಎಪ್ಪತ್ತು ದಾಟಿದ ಮುದುಕಿ, ಹಣೆ ತುಂಬ ವಿಭೂತಿ, ನಾಲಗೆ ತುಂಬ ಖಾರ. ಯಾವತ್ತು ಯಾರ ಮನೆಯ ಸುಲಿತ ಅನ್ನುವುದು ಊರಲ್ಲಿ ಅವಳ ಬಾಯಿಂದಲೇ ತೀರ್ಮಾನವಾಗುವುದು.

"ಸುನಂದಿ, ಆಗ್ಲಿಂದ ನಿನ್ ಬಾಯೊಂದೇ ದುಡೀತೈತೆ, ಕೈ ಸುಮ್ನೆ ಕುಂತೈತೆ. ಬಾ ಇಲ್ಲಿ, ಕುಂತ್ಕ."

ಕೂತಳು. ಕೊಬ್ಬರಿಗೆ ಅಂಟಿದ ಚಿಪ್ಪಿನ ಚೂರುಗಳನ್ನು ಬಿಡಿಸುವ ಕೆಲಸ ಅವಳ ಪಾಲಿಗೆ ಬಂತು. ಮಚ್ಚಿನ ಟಕ್ ಟಕ್ ಸದ್ದು, ಕೊಬ್ಬರಿಯ ಎಣ್ಣೆ ವಾಸನೆ, ಯಾರದೋ ಮದುವೆಯ ಮಾತು, ಯಾರದೋ ಬೋರಿನ ಮಾತು. ಮಟ್ಟೆಯ ಧೂಳು ಇಳಿಬಿಸಿಲಲ್ಲಿ ಎದ್ದು, ಅಂಗಳವೆಲ್ಲ ಹೊಂಬಣ್ಣದ ಮಂಜು ಕವಿದ ಹಾಗಾಯಿತು. ಆ ಮಂಜಿನ ಆಚೆ ತಲೆಗೆ ಟವೆಲ್ ಸುತ್ತಿಕೊಂಡು ಅಪ್ಪ ಕೂತಿದ್ದರು. ಮಚ್ಚು ಎತ್ತಿ, ಯಾರ ಮಾತಿಗೋ ನಗುತ್ತ, ಚಿಪ್ಪಿಗೊಂದು ಏಟು ಹಾಕಿದರು. ಸುನಂದಾ ರೆಪ್ಪೆ ಬಡಿದಳು. ಅಲ್ಲಿ ಕರಿಬಸವಯ್ಯ ಕೂತಿದ್ದ, ಕಲ್ಲಮ್ಮನ ಪಕ್ಕದ ಮನೆಯವನು. ಸಿದ್ಧಾಂತ ಎಲ್ಲಿಗೆ ನಿಂತಿತ್ತು ಅನ್ನುವುದು ಅವಳಿಗೆ ಮರೆತೇಹೋಗಿತ್ತು.

ಮಾರನೆಯ ದಿನ ಯಾರೂ ಕರೆಯದೆಯೇ ಕರಿಬಸವಯ್ಯನ ಅಂಗಳಕ್ಕೆ ಹೋದಳು. ಆಮೇಲೆ ಅದರಾಚೆಯ ಮನೆಗೆ, ಅದರಾಚೆಯ ಮನೆಗೆ. ಕೈಗೆ ಬೊಬ್ಬೆ ಬಂತು, ಸೀರೆಗೆ ನಾರಿನ ಕಲೆ ಕೂತಿತು. ಪಕ್ಷದ ಸುದ್ದಿಯನ್ನೇ ಎತ್ತಲಿಲ್ಲ. ನಿಜ ಹೇಳಬೇಕೆಂದರೆ, ಆ ಧೂಳಿನಲ್ಲಿ ಅವಳಿಗೆ ಅದು ನೆನಪಾಗುತ್ತಲೂ ಇರಲಿಲ್ಲ. ತಿಂಗಳು ಮುಗಿಯುತ್ತ ಬಂದಾಗ ಒಂದೇ ಒಂದು ಮಾತು ಹೇಳಿದಳು: "ಸೋಮವಾರ ನಮ್ಮನೇಲಿ ಮೀಟಿಂಗ್ ಐತೆ, ಬನ್ನಿ."

"ಬತ್ತೀವಿ ಬುಡು" ಅಂದಳು ಕಲ್ಲಮ್ಮ.

ಬಂದರು! ಜಗಲಿ ತುಂಬಿತು, ಕುರ್ಚಿ ಸಾಲದೆ ನೆಲದ ಮೇಲೆ ಕೂತರು, ಅದೂ ಸಾಲದೆ ಗೋಡೆಗೊರಗಿ ನಿಂತರು. ಹೇಳಿದ ಹಾಗೆ ಬಂದಿದ್ದ ಯೋಗೀಶನ ಕಣ್ಣು ಅಗಲವಾಯಿತು. ಹನಿಗೂಡಿದರೆ ಹಳ್ಳ ಅಂತ ಭಾಷಣ ಶುರುಮಾಡಿ ದೇಶವನ್ನೆಲ್ಲ ಒಂದು ಸುತ್ತು ಹಾಕಿಸಿಕೊಂಡು ಬಂದ. ಸುನಂದಾಳ ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಅಪ್ಪನ ಜಗಲಿಯ ಆ ಹಳೆಯ ಗುಂಯ್ ಸದ್ದಿನಲ್ಲಿ ಅವಳು ತೇಲುತ್ತಿದ್ದಳು.

"ಸರಿ, ಸಮಿತಿಗೆ ಯಾರ್ಯಾರು ಬರ್ತೀರಿ? ಕೈ ಎತ್ತಿ ನೋಡೋಣ" ಅಂದ ಯೋಗೀಶ್.

ಒಂದು ಕೈಯೂ ಏಳಲಿಲ್ಲ. ಕರಿಬಸವಯ್ಯ ಜಗಲಿಯ ತೊಲೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಕಲ್ಲಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು, ಸೆರಗು ಕೊಡವಿದಳು.

"ಮುಯ್ಯಿ ತೀರ್ತು. ನಡೀರಪ್ಪ, ದನ ಕಟ್ಟೋ ಹೊತ್ತಾಯ್ತು."

ಸ್ಕೂಲು ಬಿಟ್ಟ ಹಾಗೆ ಎಲ್ಲರೂ ಎದ್ದುಹೋದರು. ಯೋಗೀಶ್ ಖಾಲಿ ಜಗಲಿಯನ್ನೂ ಸುನಂದಾಳನ್ನೂ ನೋಡಿದ. "ಮುಯ್ಯಿ ಅಂದ್ರೇನು ಮೇಡಂ?" ಅವಳು ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಅವನು ಕೆಟ್ಟವನಲ್ಲ, ಹೊರಡುವಾಗ ದನಿ ತಗ್ಗಿಸಿಯೇ ಹೇಳಿದ: "ನಾಳೆ ಮಧ್ಯಾಹ್ನ ಫೋನ್ ಮಾಡ್ತೀನಿ. ಹೆಸರುಗಳು ಇಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ಸುನಂದಾ ಜಗಲಿಯ ಕಂಬಕ್ಕೊರಗಿ ಕೂತಳು. ಸುಲಿತಕ್ಕೆ ಬಂದ ಹಾಗೆ ಸಭೆಗೆ ಬಂದರು, ಲೆಕ್ಕ ಚುಕ್ತಾ ಮಾಡಿಕೊಂಡು ಹೋದರು. ಕಂಟ್ರಾಕ್ಟರು ಟೆಂಪೋದಲ್ಲಿ ತರುತ್ತಿದ್ದ, ತಾನು ಬೊಬ್ಬೆ ಬಂದ ಕೈಯಿಂದ ಕರೆತಂದಿದ್ದಳು, ವ್ಯತ್ಯಾಸ ಅಷ್ಟೇ. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಅಂದುಕೊಂಡಳು. ಅವಳಿಗೆ ದುಃಖವಾಗಿತ್ತು, ಅವಮಾನವೂ ಆಗಿತ್ತು. ಮಹಾಂತೇಶ ಅವತ್ತು ಗಾದೆ ಹೇಳಲಿಲ್ಲ, ಕಾಫಿ ಮಾಡಿ ತಂದುಕೊಟ್ಟ.

ಬೆಳಿಗ್ಗೆ ಅಂಗಳದಲ್ಲಿ ದಡಬಡ ಸದ್ದು. ಎದ್ದು ಬಂದು ನೋಡಿದರೆ ಕರಿಬಸವಯ್ಯ ಏಣಿ ಹಾಕಿಕೊಂಡು ಅವಳ ಅಟ್ಟ ಹತ್ತಿದ್ದಾನೆ, ಕಾಯಿ ಕೆಳಗೆ ಉರುಳಿಸುತ್ತಿದ್ದಾನೆ. ನಿನ್ನೆ ಎದ್ದುಹೋದವರೆಲ್ಲ ಮಚ್ಚು ಹಿಡಿದು ಬಂದಿದ್ದಾರೆ. ನಡುವೆ ಕಲ್ಲಮ್ಮ ಗೋಣಿತಾಟು ಹಾಸಿಕೊಂಡು ಕೂತಿದ್ದಾಳೆ. ಇದೂ ಕನಸೇ ಇರಬೇಕು ಅಂತ ಸುನಂದಾ ಕಣ್ಣುಜ್ಜಿಕೊಂಡಳು. ಕಲ್ಲಮ್ಮ ಕರಗಲಿಲ್ಲ.

"ದೊಡ್ಡವ್ವ, ನಿನ್ನೆ ಮುಯ್ಯಿ ತೀರ್ತು ಅಂದ್ಯಲ್ಲ?"

"ಹೂಂ, ತೀರ್ತು. ತೀರಿದ್ಮೇಲೆ ನಿಂಗೂ ನಮ್ಗೂ ಇನ್ನೇನು ಉಳೀತು? ಅದ್ಕೇ ಬಂದಿವಿ. ಈಗ ನೀನು ನಮ್ಗೆ ಮುಯ್ಯಿ ಬಿದ್ದೆ."

ಅಟ್ಟದ ಮೇಲಿಂದ ಕರಿಬಸವಯ್ಯ ತಲೆ ಹೊರಗೆ ಹಾಕಿದ. "ನಿಮ್ಮಪ್ಪಾರು ಹಂಗೇ ಮಾಡೋರು ಕಣವ್ವ. ಅವರ ಮುಯ್ಯಿ ತೀರ್ಸಾನ ಅಂತ ನಾವು ಮೀಟಿಂಗಿಗೆ ಹೋದ್ರೆ, ಮಾರ್ನೆ ದಿನ ನಮ್ಮಂಗಳದಲ್ಲೇ ಕುಂತಿರೋರು. ಸಾಯೋಗಂಟ ತೀರ್ಸಕ್ಕೆ ಬುಡ್ಲಿಲ್ಲ. ಆಮೇಲೆ ಬಂದೋರು ಬರೀ ಕರುದ್ರು, ನಮ್ಮಂಗಳಕ್ಕೆ ಬರ್ಲಿಲ್ಲ."

ಸುನಂದಾ ಎಲ್ಲರೆದುರೇ ಅತ್ತುಬಿಟ್ಟಳು. "ಅಳೋದು ಆಮೇಲೆ ಅಳೀವಂತೆ, ಮೊದ್ಲು ಸಾರಿಗಿಡು. ಇಷ್ಟು ಜನಕ್ಕೆ ಮುದ್ದೆ ಆಗ್ಬೇಕು" ಅಂದಳು ಕಲ್ಲಮ್ಮ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಮತ್ತೆ ಆ ಹೊಂಬಣ್ಣದ ಧೂಳು ಎದ್ದಿತ್ತು. ಜಗಲಿಯ ಮೇಲಿದ್ದ ಫೋನು ಹೊಡೆದುಕೊಂಡಿತು.

"ಯಾರೇ ಅದು?"

"ಯೋಗೀಶ್, ದೊಡ್ಡವ್ವ. ಸಮಿತಿಗೆ ಹೆಸರು ಕೇಳ್ತಾರೆ."

"ನಂದು ಹೇಳು. ಕರಿಬಸಣ್ಣಂದು ಹೇಳು. ಇಲ್ಲಿ ಕುಂತಿರೋರದ್ದೆಲ್ಲ ಹೇಳು." ಕಲ್ಲಮ್ಮ ಕೊಬ್ಬರಿಯ ಧೂಳು ಊದಿದಳು. "ಆದ್ರೆ ನಮ್ಮ ಮುಯ್ಯಿ ನಿನ್ನೊಬ್ಳ ಮೇಲಲ್ಲ ಕಣೇ, ಪಕ್ಷದ ಮೇಲೆ. ನಾಳೆ ಊರ ಕೊನೇ ಮನೆ ಸುಲಿತ. ಅದುನ್ನೂ ಹೇಳು ಅವನ್ಗೆ."

ಸುನಂದಾ ಸೆರಗಿಗೆ ಕೈ ಒರೆಸಿಕೊಂಡು ಫೋನೆತ್ತಿದಳು.

"ಯೋಗೀಶ್ ಅವ್ರೇ, ಸಮಿತಿ ಆಯ್ತು. ನಾಳೆ ಬೆಳಿಗ್ಗೆನೇ ಬಂದ್ಬಿಡಿ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ."