ಹಳದಿ ಚುಕ್ಕಿಯ ಬೋರ್ಡು

ನಾನು, ನನ್ನ ಓರಗಿತ್ತಿ ಒಂದೇ ಮನೆ, ಒಂದೇ ಬಸ್ಸು, ಒಂದೇ ಮೇಜು. ಕಂಪ್ಯೂಟರಿನ ಒಳಗೆ ಕೂರುವ ಬೋರ್ಡು ಮಾಡುವ ದೊಡ್ಡ ಕಂಪನಿ. ನಾನು ಸೇರಿದಾಗ ಅದರ ಹಿಂದಿನ ಗೋಡೆಗೆ ಇನ್ನೂ ಗಾರೆ ಬಳಿದಿರಲಿಲ್ಲ. ಮೂವತ್ತೊಂದು ವರ್ಷವಾಯಿತು. ಆಮೇಲೆ ಇವಳನ್ನು ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳೂ ನಾನೇ.

ಕೆಲಸ ಇಷ್ಟೇ. ದೀಪವಿರುವ ಭೂತಗನ್ನಡಿಯ ಕೆಳಗೆ ಬೋರ್ಡು ಹಿಡಿದು, ಬೆಸುಗೆ ಎಲ್ಲಾದರೂ ಬಿಟ್ಟಿದೆಯೇ ನೋಡುವುದು. ಸರಿ ಇದ್ದರೆ ಮೂಲೆಯಲ್ಲಿ ಬಣ್ಣದ ಒಂದು ಚುಕ್ಕಿ. ನನ್ನದು ಹಳದಿ, ಅವಳದು ನೀಲಿ. ಚುಕ್ಕಿ ಬಿದ್ದದ್ದನ್ನು ನಮ್ಮ ಮೇಜಿನಲ್ಲಿ ಯಾರೂ ಎರಡನೇ ಸಲ ನೋಡುವುದಿಲ್ಲ. ನೋಡಿದರೆ ಇಟ್ಟವರ ಮುಖಕ್ಕೆ ಹೊಡೆದ ಹಾಗೆ.

ಈ ವರ್ಷ ಬೆಸುಗೆ ನೋಡಲು ಕ್ಯಾಮೆರಾದ ಯಂತ್ರ ಬಂತು. ಅದರ ಪಕ್ಕ ಒಬ್ಬರು ಸಾಕು, ಇಬ್ಬರಿಗೂ ಇಂಟರ್‌ವ್ಯೂ ಅಂದರು. ಆ ಕುರ್ಚಿ ನನಗೆ ಬೇಕಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೂ ಬೇಕಿತ್ತು, ಅವಳೂ ಹೇಳಲಿಲ್ಲ.

"ಅಕ್ಕ, ಒಳಗೆ ಹೋಗಿ ನನ್ನನ್ನ ಹೊಗಳಿ ಮುಳುಗಿಸಬೇಡಿ," ಅಂದಳು ಬಸ್ಸಿನಲ್ಲಿ.

"ನಿನ್ನನ್ನ ಹೊಗಳೋಕೆ ನನಗೇನು ಜ್ವರ ಬಂದಿದೆಯಾ?"

ಮೊದಲು ನನ್ನನ್ನು ಕರೆದರು. ಮೂವರು, ಎಲ್ಲರೂ ನನ್ನ ಮಗನಿಗಿಂತ ಚಿಕ್ಕವರು.

"ನಿಮ್ಮಲ್ಲಿರೋ ಕೊರತೆ ಏನಮ್ಮ?"

"ಮಂಡಿನೋವು."

ನಕ್ಕರು. ನಾನೂ ನಕ್ಕೆ. ಗೆದ್ದೆ ಅನ್ನಿಸಿತು.

ಆಮೇಲೆ ಐದು ಬೋರ್ಡು ಮುಂದಿಟ್ಟು, ಕೆಟ್ಟದ್ದಿದ್ದರೆ ತೆಗೆಯಿರಿ ಅಂದರು. ನಾಲ್ಕಕ್ಕೆ ಚುಕ್ಕಿ ಇರಲಿಲ್ಲ. ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದೆ, ಚೆನ್ನಾಗಿದ್ದವು. ಐದನೆಯದರ ಮೂಲೆಯಲ್ಲಿ ನನ್ನದೇ ಹಳದಿ ಚುಕ್ಕಿ. ಅದನ್ನು ಗಾಜಿನ ಕೆಳಗೂ ಹಿಡಿಯದೆ ಪಕ್ಕಕ್ಕೆ ಸರಿಸಿ, "ಎಲ್ಲ ಸರಿ ಇದೆ" ಅಂದೆ. ಒಬ್ಬ ಏನೋ ಬರೆದುಕೊಂಡ.

ಸಂಜೆ ಬಸ್ ನಿಲ್ದಾಣದಲ್ಲಿ ಅವಳು ನನ್ನ ಮುಖ ನೋಡದೆ ಕೇಳಿದಳು.

"ಹಳದಿ ಚುಕ್ಕಿದು ನೋಡಿದ್ರಾ ಅಕ್ಕ?"

"ನಂದನ್ನೇ ನಾನ್ಯಾಕೆ ನೋಡಲಿ?"

ಅವಳು ಚೀಲದ ಹಿಡಿಯನ್ನು ತಿರುಚುತ್ತಾ ನಿಂತಳು. "ಕೊಂಡವರು ವಾಪಸ್ ಕಳಿಸಿದ್ದಂತೆ. ಅಂಚಲ್ಲಿ ಒಂದು ಬೆಸುಗೆ ಕೂತೇ ಇರಲಿಲ್ಲ."

"ಚುಕ್ಕಿ ಇತ್ತಲ್ಲೇ. ನೀನ್ಯಾಕೆ ನೋಡಿದೆ?"

"ಅಭ್ಯಾಸ."

"ಎಂಥ ಅಭ್ಯಾಸ?"

"ಬೈಬೇಡಿ ಅಕ್ಕ. ಎರಡು ವರ್ಷದಿಂದ ನಿಮ್ಮದನ್ನೆಲ್ಲ ಇನ್ನೊಂದು ಸಲ ನೋಡ್ತೀನಿ, ನೀವು ನೀರು ಕುಡಿಯೋಕೆ ಎದ್ದಾಗ. ಇದು ನಾನು ರಜಾ ಹಾಕಿದ್ದ ವಾರದ್ದಿರಬೇಕು."

"ಎಷ್ಟು ಸಿಕ್ಕಿದ್ದವು?"

"ಈಗ್ಯಾಕೆ ಬಿಡಿ."

ಬಸ್ಸು ಬಂತು. ಅವಳು ಹತ್ತಿ ಕಿಟಕಿ ಪಕ್ಕದ ಜಾಗ ನನಗೆ ಬಿಟ್ಟಳು, ಯಾವಾಗಲೂ ಬಿಡುವ ಹಾಗೆ. ಬೈಯೋಣ ಅಂದರೆ ಬೈಗುಳ ಯಾರ ಮೇಲೆ ಬೀಳಬೇಕೋ ಗೊತ್ತಾಗಲಿಲ್ಲ.

ನಾಲ್ಕು ದಿನದ ಮೇಲೆ ಕುರ್ಚಿ ಅವಳದಾಯಿತು, ನನ್ನ ಕೆಲಸ ಮುಗಿಯಿತು. ನನ್ನ ಹಳದಿ ಬಣ್ಣದ ಸೀಸೆ ಕಂಪನಿಯ ಮೇಜಿನ ಮೇಲೇ ಉಳಿಯಿತು. ತಾ ಅಂತ ನಾನು ಹೇಳಲಿಲ್ಲ, ಅವಳೂ ತರಲಿಲ್ಲ.

ಮನೆಯಲ್ಲಿ ನಾನು ಹೊಲಿಯಲು ಕೂತರೆ, ಕೇಳುವ ಮೊದಲೇ ಅವಳು ಬಂದು ಸೂಜಿಗೆ ದಾರ ಪೋಣಿಸಿಕೊಟ್ಟು ಹೋಗುತ್ತಾಳೆ. ಅದೂ ಎರಡು ವರ್ಷದಿಂದಲೇ. ಹಿರಿಯಳೆಂಬ ಮರ್ಯಾದೆ ಅಂದುಕೊಂಡಿದ್ದೆ.

ನಿನ್ನೆಯೂ ಬಂದಳು. ನಾನು ಸೂಜಿ ಕೊಟ್ಟೆ.