ಕೊನೆಯ ಕ್ವಾರ್ಟರ್‌ನ ಸೊನ್ನೆ

“ನೋಡಿ ಮಹಾಜನಗಳೇ, ಮತ್ತೆ ಕೊಟ್ಬಿಟ್ಳು! ಬುಟ್ಟಿ ಎದುರಿಗೇ ಇದೆ, ಚೆಂಡು ಮಾತ್ರ ಇನ್ನೊಬ್ರ ಪಾಲು. ನಮ್ಮನೆ ದಾನಶೂರ ಕರ್ಣ!”

ರಮೇಶ್‌ಬಾಬು ಮೈಕಿನಲ್ಲಿ ಹೀಗೆಂದಾಗ ಚಿಂತಾಮಣಿಯ ಕಾಲೇಜು ಮೈದಾನ ಗೊಳ್ಳೆಂದಿತು. ಜನ ನಕ್ಕರೆ ಅವನ ನಾಲಿಗೆಗೆ ಲಗಾಮಿರುವುದಿಲ್ಲ. ಕೆಂಚಾರ್ಲಹಳ್ಳಿಯ ಸುತ್ತಮುತ್ತ ಇಪ್ಪತ್ತು ವರ್ಷ ಕಬಡ್ಡಿಗೆ ಕಾಮೆಂಟ್ರಿ ಹೇಳಿದವನು. ಅಲ್ಲಿ ಮುಟ್ಟಿ ಬಂದವನಿಗೇ ಜೈಕಾರ. ಬ್ಯಾಸ್ಕೆಟ್‌ಬಾಲ್ ಇದೇ ಮೊದಲು, ಅದೂ ಯೂಟ್ಯೂಬ್ ಲೈವ್. ಅಂಕಿಅಂಶ ಬರೆಯುವ ಹುಡುಗಿ ಸಂಘಮಿತ್ರ ಆಟದ ಪದಗಳ ಅರ್ಥವನ್ನೆಲ್ಲ ಮೊದಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. “ನಂಗೇ ಪಾಠಾನೇನಮ್ಮ?” ಎಂದು ಓದದೆ ಜೇಬಿಗೆ ತುರುಕಿಕೊಂಡಿದ್ದ.

ಆ ದಾನಶೂರ ಅವನ ಮಗಳು ಭಾನುಪ್ರಿಯಾ. ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರು ಮುಗಿದರೂ ಅವಳದು ಬರೀ ಎರಡು ಪಾಯಿಂಟ್. ಊರಿನವರೆಲ್ಲ ಫೋನಿನಲ್ಲಿ ನೋಡುತ್ತಿರುವಾಗ ಮಗಳು ಹೀಗಾಡುವುದೇ ಎಂದು ಅವನಿಗೆ ಅವಮಾನ. ಅದನ್ನು ತಮಾಷೆಯಲ್ಲಿ ಮುಚ್ಚಿಕೊಳ್ಳುತ್ತಿದ್ದ.

ಕೊನೆಯ ಕ್ವಾರ್ಟರ್ ಶುರುವಾದಾಗ ಅವಳು ಒಮ್ಮೆ ಮೈಕಿನ ಕಡೆ ನೋಡಿದಳು. ಆಮೇಲೆ ಯಾರಿಗೂ ಚೆಂಡು ಕೊಡಲಿಲ್ಲ. ಗೆಳತಿ ಕವಿತ ಬುಟ್ಟಿಯ ಕೆಳಗೆ ಕೈಯೆತ್ತಿ ಕೂಗುತ್ತಿದ್ದರೂ ತಾನೇ ಎಸೆದಳು, ತಪ್ಪಿತು. ಮತ್ತೆ ಎಸೆದಳು, ಮತ್ತೆ ತಪ್ಪಿತು. “ಹಾಂ, ಈಗ ಬಂತು ನೋಡಿ ರೋಷ!” ಎಂದು ಅಪ್ಪ ಹುರಿದುಂಬಿಸಿದ. ಒಂಬತ್ತು ಪಾಯಿಂಟ್ ಮುಂದಿದ್ದ ತಂಡ ಎರಡು ಪಾಯಿಂಟಿನಿಂದ ಸೋತಿತು.

ಸಂಘಮಿತ್ರ ಮೈಕಿನಲ್ಲಿ ಓದಲು ಹಾಳೆ ತಂದಿಟ್ಟಳು. ಭಾನುಪ್ರಿಯಾಳ ಹೆಸರಿನ ಮುಂದೆ, ‘ಅಸಿಸ್ಟ್’ ಎಂಬಲ್ಲಿ, ಕ್ವಾರ್ಟರ್‌ಗೊಂದರಂತೆ ಅಂಕಿಗಳಿದ್ದವು: ನಾಲ್ಕು, ಮೂರು, ನಾಲ್ಕು, ಸೊನ್ನೆ.

“ಇದೇನಮ್ಮ ಇದು?”

“ಅವ್ಳು ಕೊಟ್ಟ ಚೆಂಡನ್ನ ಬೇರೆಯವ್ರು ಬುಟ್ಟಿಗೆ ಹಾಕಿದ್ದು ಅಂಕಲ್. ಎರಡೂ ಟೀಮಲ್ಲಿ ಅವ್ಳದೇ ಜಾಸ್ತಿ. ಕೊನೇಲಿ ಯಾಕೋ ಕೊಡ್ಲೇ ಇಲ್ಲ.” ಸ್ವಲ್ಪ ತಡೆದು, “ಚೀಟೀಲಿ ಬರ್ದಿದ್ದೆ,” ಎಂದಳು.

ಜೇಬಿನಿಂದ ಚೀಟಿ ತೆಗೆದು ಬಿಡಿಸಿದ. ‘ಅಸಿಸ್ಟ್’ನ ಅರ್ಥ ಮೊದಲ ಸಾಲಿನಲ್ಲೇ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಸೊನ್ನೆ ಬರೆಸಿದವನು ತಾನೇ. ಎಲ್ಲರ ಅಂಕಿಗಳನ್ನೂ ಓದಿದ. ಮಗಳ ಹೆಸರಿಗೆ ಬಂದಾಗ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಮೈಕನ್ನು ಇನ್ನೊಬ್ಬರ ಕೈಗೆ, ಸಂಘಮಿತ್ರಳಿಗೆ, ಕೊಟ್ಟ.

ಎದ್ದು ಮಗಳನ್ನು ಹುಡುಕಿಕೊಂಡು ಹೋದ. ಕವಿತ ಅಳುತ್ತಾ ಕೇಳುತ್ತಿದ್ದಳು: “ನಾನು ಅಲ್ಲೇ ನಿಂತಿದ್ನಲ್ಲೇ, ಯಾಕೆ ಕೊಡ್ಲಿಲ್ಲ?”

“ನಂದೇ ತಪ್ಪು ಕಣೇ. ನೀನು ಕಾಣ್ಲಿಲ್ಲ,” ಎಂದಳು ಭಾನುಪ್ರಿಯಾ. ಆಗ ಅಪ್ಪನನ್ನು ಕಂಡಳು.

“ಭಾನೂ, ನಾನು ಮೈಕಲ್ಲಿ...”

“ಬಿಸ್ಲಲ್ಲಿ ಅಷ್ಟೊತ್ತು ಕೂಗಿದ್ದೀಯ, ಕುಡಿಯಪ್ಪ,” ಎಂದು ನೀರಿನ ಬಾಟಲಿ ಚಾಚಿದಳು.

ಅದರಲ್ಲಿ ಎರಡೇ ಗುಟುಕು ಉಳಿದಿತ್ತು. ಅವಳ ತುಟಿ ಒಣಗಿ ಬಿರಿದಿತ್ತು. ಮುಚ್ಚಳ ತೆಗೆಯಲು ಮನಸ್ಸಾಗದೆ ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.