ಒಡೆಯದ ಸೂಜಿ ಪಾಕೀಟು

“ಅಯ್ಯೋ, ಹೋದ್ವರ್ಷದ ಈ ಸೂಜಿ ಪಾಕೀಟು ಒಡೆದೇ ಇಲ್ವಲ್ಲೇ!” ಎಂದರು ಅತ್ತೆ.

ಚೀಲಕ್ಕೆ ಟವೆಲ್ ತುರುಕುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ನಾಲ್ಕು ದಿನದ ಕೌದಿ ಹೊಲಿಯುವ ಶಿಬಿರಕ್ಕೆ ಗೆಳತಿಯರ ವ್ಯಾನು ಇನ್ನರ್ಧ ಗಂಟೆಯಲ್ಲಿ ಬರುವುದಿತ್ತು. ಬಟ್ಟೆ, ಕತ್ತರಿ, ಅಳತೆಪಟ್ಟಿ, ತಲೆನೋವಿನ ಮಾತ್ರೆ, ಎಲ್ಲ ಇನ್ನೂ ಚೆಲ್ಲಾಪಿಲ್ಲಿ. ಮಂಡಿನೋವಿನ ಅತ್ತೆ ಯಾರೂ ಕರೆಯದಿದ್ದರೂ ಮಂಚದ ಮೇಲೆ ಕೂತೇ ಸಹಾಯಕ್ಕಿಳಿದಿದ್ದರು. ಎಡವಟ್ಟಾಗಿದ್ದೇ ಅಲ್ಲಿ.

ಬೆಳಗಿನಿಂದ ಸೊಸೆ ಕೂತವಳೇ ಅಲ್ಲ. ನಾಲ್ಕು ದಿನದ ಅಡುಗೆ ಮಾಡಿ, ಡಬ್ಬಿ ಡಬ್ಬಿಗೂ ಚೀಟಿ ಅಂಟಿಸಿ, ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದ್ದಳು. ದಿನವಿಡೀ ಲಾಂಡ್ರಿಯಲ್ಲಿ ನಿಂತು ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವವಳಿಗೆ ರಜೆ ಸಿಕ್ಕಿದರೂ ಇಸ್ತ್ರಿಯೇ ಗತಿ. “ಈ ಸಲ ಆದ್ರೂ ಆ ಕೌದಿ ಮುಗಿಸ್ಕೊಂಡು ಬಾ. ಇಲ್ಲಾಂದ್ರೆ ಮುಂದಿನ ವರ್ಷ ಶಿಬಿರ ಗಿಬಿರ ಏನೂ ಇಲ್ಲ” ಎಂದು ಗಂಡ ನಗುತ್ತಲೇ ಹೇಳಿ ಕೆಲಸಕ್ಕೆ ಹೋಗಿದ್ದ. ನಗುತ್ತ ಹೇಳಿದರೂ ಅವನ ಮಾತು ಮಾತೇ.

ಅತ್ತೆ ಅರೆಬರೆ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡರು. “ಹೋದ್ವರ್ಷ ಈ ಮೂಲೇಲಿ ಗುಂಡುಪಿನ್ನು ಚುಚ್ಚಿ ಕೊಟ್ಟೋಳು ನಾನೇ. ಅಲ್ಲೇ ತುಕ್ಕು ಹಿಡಿದಿದೆ. ಆಮೇಲೆ ಒಂದು ಹೊಲಿಗೇನೂ ಬಿದ್ದಿಲ್ಲ. ನಾಲ್ಕು ದಿನ ಅಲ್ಲೇನು ಮಾಡ್ತಿದ್ದೆ?”

ಸುಳ್ಳು ಹೇಳೋಣವೆಂದರೆ ಅದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

“ಮಲಗಿದ್ದೆ.”

“ಹುಷಾರಿರ್ಲಿಲ್ವಾ?”

“ಹುಷಾರಾಗೇ ಇದ್ದೆ ಅತ್ತೆ. ನಿದ್ದೆ ಮಾಡ್ದೆ. ಸೂಜಿ ತೆಗೆಯೋಕೆ ಮುಂಚೆನೇ ಕಣ್ಣು ಎಳೀತು. ಊಟಕ್ಕೆ ಎಬ್ಬಿಸೋರು, ಉಂಡು ಮತ್ತೆ ಮಲಗ್ತಿದ್ದೆ. ಅಲ್ಲಿ ನನ್ನನ್ನ ಯಾರೂ ಏನೂ ಕೇಳಲ್ಲ.” ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. “ನಿದ್ದೆ ಮಾಡೋಕೆ ಹೋಗ್ತೀನಿ ಅಂದ್ರೆ ಯಾರು ಕಳಿಸ್ತಾರೆ?”

ಅತ್ತೆ ತುಕ್ಕು ಹಿಡಿದ ಗುಂಡುಪಿನ್ನನ್ನು ಕಿತ್ತು ತೆಗೆದರು. ಅವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಬೀದಿಗೆಲ್ಲ ಗೊತ್ತು. ಸಂಜೆ ಗಂಡ ಚಪ್ಪಲಿ ಬಿಡುವಷ್ಟರಲ್ಲಿ ಸುದ್ದಿ ಮುಟ್ಟಿರುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಂಡಳು ಸೊಸೆ. ಅವಳು ಟವೆಲನ್ನು ಚೀಲದಿಂದ ಹೊರಗೆ ತೆಗೆಯತೊಡಗಿದಳು.

“ಅದ್ಯಾಕೆ ತೆಗೀತೀಯ? ನನ್ನ ಕನ್ನಡಕ ಕೊಡು” ಎಂದ ಅತ್ತೆ ಸೂಜಿ ಪಾಕೀಟನ್ನು ಹಲ್ಲಿನಿಂದ ಕಚ್ಚಿ ಹರಿದರು. “ಅವನು ಮನೇಲಿ ಇಲ್ದಾಗ ಇದನ್ನ ನಾನೇ ಹೊಲೀತೀನಿ. ನೀನು ಬಂದ ತಕ್ಷಣ ಚೀಲಕ್ಕೆ ಹಾಕ್ಕೊಂಡ್ರಾಯ್ತು. ನನ್ನ ಹೊಲಿಗೆ ಒಂಚೂರು ಉದ್ದುದ್ದ. ಯಾರಾದ್ರೂ ಕೇಳಿದ್ರೆ ಅವಸರದಲ್ಲಿ ಹೊಲಿದೆ ಅನ್ನು.”

ಸೊಸೆ ಬಾಯಿ ತೆರೆಯುವ ಮೊದಲೇ ಬೀದಿಯ ತುದಿಯಲ್ಲಿ ವ್ಯಾನು ಹಾರ್ನ್ ಹೊಡೆಯಿತು. ಅತ್ತೆ ಬೆನ್ನಿಗೊತ್ತಿಕೊಂಡಿದ್ದ ದಿಂಬನ್ನು ಎಳೆದು, ಕೌದಿ ಇರಬೇಕಾದ ಜಾಗಕ್ಕೆ ತುರುಕಿದರು.

ಜಿಪ್ಪು ಅರ್ಧಕ್ಕೇ ನಿಂತಿತು. ಹೊರಗೆ ಇಣುಕುತ್ತಿದ್ದ ದಿಂಬಿನ ಮೂಲೆಯನ್ನು ಅಂಗೈಯಿಂದ ಮುಚ್ಚಿಕೊಂಡು ಸೊಸೆ ಮೆಟ್ಟಿಲಿಳಿದಳು.